ಹರ್ಕ್ಯುಲಿಸ್ ಯಾವ ದಾರಿ ಹಿಡಿದ ಅಂತ ಹೇಳಿದ್ದು ಯಾರು?

ನಿನ್ನೆ ಅಕ್ಕನ ಮಗನ ಕಾಲೇಜಿಗೆ ಹೋಗಿದ್ದೆ. ಹೊಸಬರಿಗೆ ಸ್ವಾಗತ ಕಾರ್ಯಕ್ರಮ. ಒಬ್ಬರು ಮೋಟಿವೇಶನಲ್ ಸ್ಪೀಕರ್ ಬಂದಿದ್ದರು. ಪರದೆ ಮೇಲೆ ಎರಡು ದಾರಿಯ ಚಿತ್ರ ಹಾಕಿ, "ಹರ್ಕ್ಯುಲಿಸ್ ಒಂದು ಸೆಕೆಂಡೂ ಯೋಚಿಸಲಿಲ್ಲ, ಕಷ್ಟದ ದಾರಿ ಹಿಡಿದ! ನೀವೂ ಹಿಡೀತೀರಾ?" ಅಂದರು. ಮಕ್ಕಳೆಲ್ಲ ಒಟ್ಟಿಗೆ "ಯೆಸ್ ಸರ್!"

ನನಗೆ ಮೈ ಉರಿಯಿತು. ಗ್ರೀಕರ ವಿಷಯ ಬಂದರೆ ನಾನು ಸುಮ್ನಿರಲ್ಲ ಅಂತ ನಿಮಗೆ ಗೊತ್ತೇ ಇದೆ. ಅಕ್ಕ ಕೈ ಹಿಡಿದು ಕೂರಿಸಿದಳು. ಅಲ್ಲಿ ನುಂಗಿಕೊಂಡಿದ್ದನ್ನು ಇಲ್ಲಿ ಕಕ್ಕುತ್ತಿದ್ದೇನೆ.

ಕಥೆ ಸಾಕ್ರಟಿಸ್ ಕಾಲದ ಗುರು ಪ್ರೊಡಿಕಸ್‌ನದು. ಸಾಕ್ರಟಿಸ್‌ನ ಶಿಷ್ಯ ಕ್ಸೆನೊಫೋನ್ ಬರೆದಿಟ್ಟಿರುವ ಪ್ರಕಾರ ಸಾಕ್ರಟಿಸ್ ಅದನ್ನು ಅರಿಸ್ಟಿಪ್ಪಸ್ ಎಂಬ ಸುಖಪುರುಷನಿಗೆ ಹೇಳುತ್ತಾನೆ. ಅದರಲ್ಲಿ ಹರ್ಕ್ಯುಲಿಸ್ ಮಾಡುವುದೇ ಯೋಚನೆ! ಯಾರೂ ಇಲ್ಲದ ಕಡೆ ಹೋಗಿ, ಯಾವ ದಾರಿ ಅಂತ ತೋಚದೆ ಕೂತಿರುತ್ತಾನೆ. ಇಬ್ಬರು ಹೆಂಗಸರು ಬರುತ್ತಾರೆ. ಒಬ್ಬಳು ಬಿಳಿ ಬಟ್ಟೆ, ತಗ್ಗಿದ ಕಣ್ಣು. ಇನ್ನೊಬ್ಬಳು ಮುಖಕ್ಕೆ ಬಣ್ಣ ಬಳಿದುಕೊಂಡು, ಆಗಾಗ ತನ್ನ ನೆರಳನ್ನೇ ನೋಡಿಕೊಳ್ಳುತ್ತಾ, ಮೊದಲು ತಾನೇ ಮಾತಾಡಬೇಕೆಂದು ಓಡಿ ಬರುತ್ತಾಳೆ. ಹೆಸರು ಕೇಳಿದರೆ "ಗೆಳೆಯರು ನನ್ನನ್ನು ಸುಖ ಅಂತಾರೆ, ಆಗದವರು ಕೇಡು ಅಂತಾರೆ" ಅನ್ನುತ್ತಾಳೆ. ಬಿಳಿ ಬಟ್ಟೆಯವಳು, ಅಂದರೆ ಕಷ್ಟದ ದಾರಿಯ ಸದ್ಗುಣ, ಅವಳಿಗೆ ಸರಿಯಾಗಿ ಝಾಡಿಸುತ್ತಾಳೆ: ನೀನು ಹಸಿವಾಗುವ ಮೊದಲೇ ತಿನ್ನುವವಳು, ಬಾಯಾರುವ ಮೊದಲೇ ಕುಡಿಯುವವಳು, ಬೇಸಿಗೆಯಲ್ಲಿ ಹಿಮ ಹುಡುಕಿ ಅಲೆಯುವವಳು.

ಆಮೇಲೆ? ಕಥೆ ಅಲ್ಲಿಗೇ ನಿಲ್ಲುತ್ತದೆ. ಹರ್ಕ್ಯುಲಿಸ್ ಎದ್ದ, ಇಂಥ ದಾರಿ ಹಿಡಿದ ಅಂತ ಒಂದು ಸಾಲೂ ಇಲ್ಲ. "ಯೆಸ್ ಸರ್" ನಮ್ಮ ಸರ್ ಸೇರಿಸಿದ್ದು.

"ಮಕ್ಕಳಿಗೆ ಇಷ್ಟೆಲ್ಲ ಯಾಕೆ, ನೀತಿ ಸಿಕ್ಕರೆ ಸಾಕಲ್ವಾ?" ಅಂತ ಅಕ್ಕನೂ ಕೇಳಿದಳು. ಓಟು ಹಾಕುವ ವಯಸ್ಸಿನವರು ಮಕ್ಕಳಾ? ಭಾಷಣಕ್ಕೆ ದುಡ್ಡು ತಗೊಳ್ಳುವುದೂ ತಪ್ಪಲ್ಲ ಬಿಡಿ, ಪ್ರೊಡಿಕಸ್ ಕೂಡ ತಗೊಳ್ತಿದ್ದ. ಅವನ ಹತ್ತಿರ 50 ದ್ರಾಖ್ಮದ ಪಾಠ ಇತ್ತು, 1 ದ್ರಾಖ್ಮದ್ದೂ ಇತ್ತು. ತಾನು 1 ದ್ರಾಖ್ಮದ್ದಷ್ಟೇ ಕೇಳಿದ್ದೆ ಅಂತ ಸಾಕ್ರಟಿಸ್ ತಮಾಷೆ ಮಾಡುತ್ತಾನೆ. ನಿನ್ನೆ ನಾವು ಕೇಳಿದ್ದು ಯಾವುದು ಅಂತ ಬಿಡಿಸಿ ಹೇಳಬೇಕಾ?

ಗ್ರೀಕರು ವೀರರ ಜೊತೆ ಜಗಳ ಆಡುತ್ತಿದ್ದರು ಕಣ್ರೀ. ಕ್ರಿ.ಪೂ. 399ರಲ್ಲಿ ಕಟಕಟೆಯಲ್ಲಿ ನಿಂತ ಸಾಕ್ರಟಿಸ್, ಸಾವಿಗೆ ಅಂಜದ ಟ್ರಾಯ್ ಯುದ್ಧದ ವೀರ ಅಕಿಲೀಸನನ್ನು ನೆನೆಯುತ್ತಾನೆ. ಅದನ್ನು ಬರೆದ ಶಿಷ್ಯ ಪ್ಲೇಟೋನೇ 'ರಿಪಬ್ಲಿಕ್'ನಲ್ಲಿ ಮಹಾಕವಿ ಹೋಮರನ ಸಾಲು ಅಳಿಸಿಹಾಕಿ ಅನ್ನುತ್ತಾನೆ. ಯಾವ ಸಾಲು? ಸತ್ತವರಿಗೆಲ್ಲ ರಾಜನಾಗುವ ಬದಲು ಬಡವನ ಹೊಲದಲ್ಲಿ ಕೂಲಿ ಮಾಡುವುದೇ ವಾಸಿ ಅಂತ ಪಾತಾಳದಲ್ಲಿ ಅದೇ ಅಕಿಲೀಸ್ ಹೇಳುವುದು! ಯುವಕರು ಅದನ್ನು ಕೇಳಿದರೆ ಸಾವಿಗೆ ಹೆದರುತ್ತಾರಂತೆ. ನನಗೆ ಮಾತ್ರ ಅಕಿಲೀಸ್ ಇಷ್ಟವಾಗಿದ್ದೇ ಆ ಸಾಲಿನಿಂದ.

ಹಾಗಂತ ನಾನೂ ಸಾಚಾ ಅಲ್ಲ. ಇದೇ ಹುಡುಗ ಚಿಕ್ಕವನಿದ್ದಾಗ ಹರ್ಕ್ಯುಲಿಸ್ ಸಿಂಹ ಕೊಂದ ಕಥೆಯನ್ನು ನೂರು ಸಲ ಹೇಳಿದ್ದೇನೆ. ಹುಚ್ಚು ಹಿಡಿದು ತನ್ನ ಮಕ್ಕಳನ್ನೇ ಕೊಂದದ್ದನ್ನು ಒಮ್ಮೆಯೂ ಹೇಳಿಲ್ಲ.

ಬರುವಾಗ ಅವನೇ ಕೇಳಿದ, "ಹಾಗಾದ್ರೆ ಅವನು ಯಾವ ದಾರೀಲಿ ಹೋದ ಮಾಮ?" ನಾನು ಸ್ಕೂಟರ್ ನಿಲ್ಲಿಸಿದೆ. ಐಸ್ ಜಾಸ್ತಿ ಹಾಕಿಸಿ ಇಬ್ಬರೂ ಕಬ್ಬಿನ ಹಾಲು ಕುಡಿದೆವು. ನಿಜ ಹೇಳಬೇಕೆಂದರೆ ಇಬ್ಬರಿಗೂ ಬಾಯಾರಿರಲಿಲ್ಲ.