ಹಾಡಿದ್ದು ಎರಡು ಸಾಲು, ಅರ್ಥ ಹತ್ತು ಲೋಡು

2025ರ ಆಗಸ್ಟ್ 21ರಂದು ವಿಧಾನಸಭೆಯಲ್ಲಿ ಡಿ.ಕೆ. ಶಿವಕುಮಾರ್ ಆರೆಸ್ಸೆಸ್ ಪ್ರಾರ್ಥನೆಯ ಎರಡು ಸಾಲು ಹೇಳಿದರಲ್ವಾ, ಅವತ್ತಿನಿಂದ ನಮ್ಮ ಕೋಲಾರದಲ್ಲಿ ಸಾಹಿತ್ಯ ವಿಮರ್ಶೆಗೆ ಸುಗ್ಗಿಯೋ ಸುಗ್ಗಿ. ಎಪಿಎಂಸಿ ಟೊಮೆಟೊ ಮಂಡಿಯಲ್ಲಿ ಖಾಲಿ ಕ್ರೇಟ್ ಮಗುಚಿ ಹಾಕಿಕೊಂಡು, ಹರಾಜು ಕೂಗೋ ತನಕ ಕೂತವರೆಲ್ಲ ಪಂಡಿತರೇ. ಒಬ್ಬರಿಗೆ ಅದು ಹೈಕಮಾಂಡಿಗೆ ಕೊಟ್ಟ ಎಚ್ಚರಿಕೆ. ಇನ್ನೊಬ್ಬರಿಗೆ ಸಿದ್ದರಾಮಯ್ಯನವರ ಕುರ್ಚಿಗೆ ಹಾಕಿದ ಟವೆಲ್. ಮತ್ತೊಬ್ಬರು ಮೊಬೈಲನ್ನು ಕಿವಿಗೆ ಒತ್ತಿಕೊಂಡು ದನಿ ಎಲ್ಲಿ ಏರಿತು ಅಂತ ನಾಲ್ಕು ಸಲ ಕೇಳಿದರು. ಏರಿದ್ದರೆ ಸೆಪ್ಟೆಂಬರ್ ಕ್ರಾಂತಿ, ಇಳಿದಿದ್ದರೆ ನವೆಂಬರ್ ಕ್ರಾಂತಿ! ಆಮೇಲೆ ಶಿವಕುಮಾರ್ ಕ್ಷಮೆ ಕೇಳಿ, ಕಾಂಗ್ರೆಸ್ಸಿಗನಾಗೇ ಸಾಯ್ತೀನಿ ಅಂದರು. ಅದಕ್ಕೂ ಒಳಗೊಂದು ಅರ್ಥ ಇದೆಯಂತೆ.

ವಾರದೊಳಗೆ ಗಣೇಶನ ಹಬ್ಬ ಬಂತು. ಪಾಪ, ಆರ್ಕೆಸ್ಟ್ರಾದವರ ಗತಿ ನೆನೆಸಿಕೊಳ್ಳಿ. ಕನ್ನಡದ ಪ್ರೇಮಗೀತೆ ಅಂದಮೇಲೆ ಹುಡುಗ ಕೈ ಹಿಡಿಯಲೇಬೇಕು, ಹುಡುಗಿಯ ಕಣ್ಣು ಕಮಲ ಆಗಲೇಬೇಕು. ಕೈ ಹಿಡಿದರೆ ಕಾಂಗ್ರೆಸ್, ಕಮಲ ಅರಳಿದರೆ ಬಿಜೆಪಿ, ಎರಡೂ ಒಂದೇ ಚರಣದಲ್ಲಿ ಬಂದರೆ ಆಪರೇಷನ್. ಹುಡುಗಿ ಕೈ ಕೊಟ್ಟಳು ಅಂತ ಹಾಡಿಬಿಟ್ಟರಂತೂ ಮುಗೀತು, ಆ ಊರಲ್ಲಿ ಯಾರೋ ಪಕ್ಷ ಬಿಡ್ತಿದ್ದಾರೆ ಅಂತಲೇ ಲೆಕ್ಕ. ಹೋಗಲಿ ಸುಗ್ಗಿ ಪದ ಹಾಡೋಣ ಅಂದರೆ ತೆನೆ ಹೊತ್ತ ಹೆಂಗಸು ಬಂದೇ ಬರ್ತಾಳೆ, ದೇವೇಗೌಡರಿಗೆ ಜೈ ಅಂತ ಶಿಳ್ಳೆ ಬೀಳುತ್ತೆ. "ಮಾತೇ ಬೇಡ ಕಣಪ್ಪಾ, ಬರೀ ಕೀಬೋರ್ಡ್ ನುಡಿಸು" ಅಂತ ಪೆಂಡಾಲಿನ ಹಿರಿಯರೇ ಹೇಳುವ ಕಾಲ ದೂರ ಇಲ್ಲ. ಆಗ ಕಪ್ಪು ಮನೆ ಎಷ್ಟು, ಬಿಳಿ ಮನೆ ಎಷ್ಟು ಅಂತ ಎಣಿಸೋದಕ್ಕೆ ಟೀವಿಯವರು ಇದ್ದೇ ಇದ್ದಾರೆ.

ಇಷ್ಟೆಲ್ಲ ಬುದ್ಧಿ ಇರೋ ಜನರನ್ನ ಒಂದು ಕೇಳಿ ನೋಡಿ: ಅವತ್ತು ಸದನದಲ್ಲಿ ಚರ್ಚೆ ಯಾವುದರ ಮೇಲೆ ನಡೀತಿತ್ತು? ತಲೆ ಕೆರ್ಕೋತಾರೆ.

ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಜೂನ್ 4ರಂದು ಆದ ಕಾಲ್ತುಳಿತದ ಮೇಲೆ. ಸತ್ತವರು 11 ಜನ. ಅದರಲ್ಲಿ ನಮ್ಮ ಕೋಲಾರದ ಹುಡುಗಿಯೂ ಒಬ್ಬಳು. ಯಾರು ಯಾರನ್ನ ಕರೆದರು, ಅನುಮತಿ ಇತ್ತೋ ಇಲ್ಲವೋ, ಗೇಟ್ ಎಷ್ಟು ಹೊತ್ತಿಗೆ ತೆಗೆದರು, ಇದನ್ನ ಸಾಲು ಸಾಲಾಗಿ ಬಿಡಿಸಿ ನೋಡೋಕೆ ಯಾವ ಪಂಡಿತನಿಗೂ ಪುರುಸೊತ್ತಿಲ್ಲ. ನನಗಂತೂ ಸಾಕಾಗಿದೆ. ಅಂಥ ಚರ್ಚೆಯ ನಡುವೆ ಹಾಡು ಕೇಳಿ ಮೇಜು ಕುಟ್ಟಿದರಲ್ಲ, ಅದಕ್ಕೆ ಏನ್ರೀ ಅರ್ಥ?