ನಕಲು ಮಾಡೋರನ್ನು ಬೈದವನ ಮುಖ

ಎರಡು ದಿನದಿಂದ ಫೋನಿನಲ್ಲಿ ಒಂದೇ ಮುಖ ನೋಡುತ್ತಾ ಕೂತಿದ್ದೇನೆ. ಜರ್ಮನಿಯ ಹಳೇ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್‌ದು. ವೆನ್ಸೆಸ್ಲಾಸ್ ಹಾಲರ್ ಅನ್ನುವವನು 1645ರಲ್ಲಿ ಮಾಡಿದ ಎಚಿಂಗ್, ಅಂದರೆ ತಾಮ್ರದ ತಗಡಿನಿಂದ ಅಚ್ಚು ಹಾಕಿದ ಚಿತ್ರ. ಗೆಳೆಯನಿಗೆ ಕಳಿಸಿದರೆ 'ಕಾಪಿ ತಾನೇ?' ಅಂದ. ಅಲ್ಲಿಗೆ ತಲೆ ಕೆಟ್ಟಿತು.

ಕಾಪಿ ಹೌದು ಮಾರಾಯಾ. ಮೂಲ, ಡ್ಯೂರರ್ 1498ರಲ್ಲಿ ತಾನೇ ಬರೆದುಕೊಂಡ ಚಿತ್ರ. ಈಗ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿದೆ. ನ್ಯೂರೆಂಬರ್ಗ್‌ನ ಅಕ್ಕಸಾಲಿಗನ ಮಗ, 26ನೇ ವಯಸ್ಸಿಗೇ ಸಾಹುಕಾರರ ಹಾಗೆ ಅಲಂಕಾರ ಮಾಡಿಕೊಂಡು ಕೂತಿದ್ದಾನೆ. ಪಟ್ಟೆ ಟೋಪಿ, ಹೆಗಲ ಮೇಲೆ ಸುರುಳಿ ಸುರುಳಿ ಕೂದಲು. ಬಣ್ಣ ಕಲಸೋ ಕೈಗೆ ಗ್ಲೌಸು ಬೇರೆ! ನನಗೇನೋ ಜಂಬ ಸ್ವಲ್ಪ ಜಾಸ್ತಿ ಅನಿಸುತ್ತೆ. ಇರಲಿ, ಅಷ್ಟು ಚೆನ್ನಾಗಿ ಬರೆಯೋನಿಗೆ ಒಪ್ಪುತ್ತೆ.

ಆ ಕೂದಲೇ ಹಾಲರ್‌ಗೆ ಪರೀಕ್ಷೆ. ಡ್ಯೂರರ್ ಹತ್ತಿರ ಬಣ್ಣ ಇತ್ತು, ಇವನ ಹತ್ತಿರ ಬರೀ ಗೆರೆ. ತಾಮ್ರದ ತಗಡಿಗೆ ಮೇಣ ಹಚ್ಚಿ ಸೂಜಿಯಲ್ಲಿ ಗೀರಬೇಕು. ಆಮೇಲೆ ಆಸಿಡ್. ಮೇಣ ಹೋದ ಕಡೆ ಮಾತ್ರ ಅದು ತಾಮ್ರವನ್ನು ತಿನ್ನುತ್ತೆ. ಬೇಗ ತೆಗೆದರೆ ಗೆರೆ ತೆಳು, ಹೆಚ್ಚು ಹೊತ್ತು ಬಿಟ್ಟರೆ ಆಳ, ಕಪ್ಪು. ಆ ತಗ್ಗಿಗೆ ಮಸಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದ ಇಟ್ಟು ಪ್ರೆಸ್ಸಿಗೆ ಕೊಡೋದು. ಅಚ್ಚಿನಲ್ಲಿ ಎಡ ಬಲವಾಗುತ್ತೆ, ಅದನ್ನೂ ತಲೆಯಲ್ಲಿ ಇಟ್ಟುಕೊಂಡಿರಬೇಕು. ಕೂದಲು ಹೊಳೆಯಬೇಕಾದ ಕಡೆ ಏನೂ ಗೀರದೆ ಸುಮ್ನೆ ಬಿಡಬೇಕು, ಕಾಗದದ ಬಿಳುಪೇ ಹೊಳಪು. ಎಲ್ಲಿ ಕೈ ತಡೆಯಬೇಕು ಅನ್ನೋದನ್ನು ಯಾರನ್ನು ನೋಡಿ ಕಾಪಿ ಹೊಡೀತಾನೆ?

ಹಾಲರ್ ಪ್ರಾಗ್‌ನವನು. 1636ರಲ್ಲಿ ಇಂಗ್ಲೆಂಡಿನ ಅರುಂಡೆಲ್ ಪ್ರಭುವಿನ ಜೊತೆ ಸೇರಿಕೊಂಡ. ನ್ಯೂರೆಂಬರ್ಗ್ ನಗರ ಡ್ಯೂರರ್‌ನ ಮೂಲ ಚಿತ್ರವನ್ನು ಅದೇ ಪ್ರಭುವಿನ ಮೂಲಕ ಒಂದನೇ ಚಾರ್ಲ್ಸ್ ದೊರೆಗೆ ಉಡುಗೊರೆ ಕೊಟ್ಟದ್ದೂ ಅದೇ ವರ್ಷ. ಮುಂದೆ ಅಂತರ್ಯುದ್ಧ. 1645ರ ಹೊತ್ತಿಗೆ ಹಾಲರ್ ಆಂಟ್ವರ್ಪ್‌ನಲ್ಲಿದ್ದ. 1649ರಲ್ಲಿ ದೊರೆಯ ತಲೆ ಹೋಯಿತು, ಅವನ ಚಿತ್ರಗಳೆಲ್ಲ ಮಾರಾಟಕ್ಕೆ ಬಂದವು, ಇದು ಸ್ಪೇನಿನ ಅರಮನೆ ಸೇರಿತು. ಅರಮನೆಗೆ ಎಲ್ಲರನ್ನೂ ಬಿಡ್ತಾರಾ? ಹಾಲರ್‌ನ ಅಚ್ಚಿನ ಹಾಳೆಯಾದರೆ ಕೈಯಿಂದ ಕೈಗೆ ಹೋಗುತ್ತೆ.

ತಮಾಷೆ ಅಂದರೆ, ಈ ಡ್ಯೂರರ್‌ಗೆ ನಕಲು ಮಾಡೋರನ್ನು ಕಂಡರೆ ಮೈಯೆಲ್ಲ ಉರಿ. ತನ್ನ ಅಚ್ಚಿನ ಚಿತ್ರಗಳನ್ನು ಕದ್ದು ಮಾಡುತ್ತಿದ್ದವರಿಗೆ 1511ರ ಪುಸ್ತಕದಲ್ಲಿ 'ಕಳ್ಳರೇ, ಕೈ ಹಾಕಬೇಡಿ' ಅನ್ನುವ ಅರ್ಥದಲ್ಲಿ ಅಚ್ಚು ಹಾಕಿಸಿದ್ದ. ಹಾಲರ್‌ನನ್ನು ಕಂಡಿದ್ದರೆ ಬೈಯುತ್ತಿದ್ದನೋ, ಹತ್ತಿರ ಕೂರಿಸಿಕೊಂಡು ಸೂಜಿ ಯಾವುದು ಅಂತ ಕೇಳುತ್ತಿದ್ದನೋ! ಅವನೂ ಕಬ್ಬಿಣದ ತಗಡಿನ ಮೇಲೆ ಎಚಿಂಗ್ ಮಾಡಿ ನೋಡಿದ್ದವನು ತಾನೇ.

ಇಷ್ಟನ್ನೂ ಗೆಳೆಯನಿಗೆ ಬರೆದು, ಕೂದಲಿನ ಭಾಗವನ್ನು ದೊಡ್ಡದು ಮಾಡಿ ಮತ್ತೆ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು: 'ಟೋಪಿ ಚೆನ್ನಾಗಿದೆ.'