ಏಕಾಂತಕ್ಕೆ ಮುಂಗಡ ಟಿಕೆಟ್

ಬೇಸಿಗೆಯ ಚಾರಣಕ್ಕೆ ಗಿರಿಧಾಮವೊಂದನ್ನು ಗೊತ್ತುಮಾಡಿಕೊಳ್ಳುವ ಕೆಲಸ ಪ್ರಪಂಚದ ಎಲ್ಲ ಮನೆಗಳಲ್ಲೂ ಒಂದೇ ಸಂಕಲ್ಪದಿಂದ ಆರಂಭವಾಗುತ್ತದೆ: ಈ ಸಲ ಜನಜಂಗುಳಿಯಿಂದ ದೂರ ಹೋಗಬೇಕು. ಸಂಕಲ್ಪದಲ್ಲಿ ದೋಷವೇನೂ ಇಲ್ಲ. ಎತ್ತರದ ಹಾದಿಗಳಲ್ಲಿ ಹಿಮ ಕರಗುವುದು, ಶಾಲೆಗಳಿಗೆ ರಜೆ ಬರುವುದು, ಕಚೇರಿಯ ಮೇಲಧಿಕಾರಿಯ ಮನಸ್ಸು ಕರಗುವುದು ಎಲ್ಲವೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಆಗುವುದರಿಂದ, ಲಕ್ಷಾಂತರ ಮಂದಿ ಈ ಸಂಕಲ್ಪವನ್ನು ಒಂದೇ ವಾರದಲ್ಲಿ ಕೈಗೊಂಡು, ಒಂದೇ ಚಿತ್ರವನ್ನು ನೋಡಿ, ಒಂದೇ ಬೆಟ್ಟವನ್ನು ಆರಿಸಿಕೊಳ್ಳುತ್ತಾರೆ ಎಂಬುದಷ್ಟೇ ತೊಡಕು. ಹೀಗೆ ಒಬ್ಬರಿಂದೊಬ್ಬರು ತಪ್ಪಿಸಿಕೊಳ್ಳಲು ಹೊರಟವರೆಲ್ಲ ಕೇಬಲ್ ಕಾರಿನ ಸಾಲಿನಲ್ಲಿ ಮುಂದಿನವರ ಬೆನ್ನುಚೀಲಕ್ಕೆ ಮೂಗು ತಾಗಿಸಿಕೊಂಡು ನಿಲ್ಲುತ್ತಾರೆ. ಆ ಸಾಲಿನಲ್ಲಿರುವ ಪ್ರತಿಯೊಬ್ಬರೂ ಉಳಿದವರನ್ನು ಪ್ರವಾಸಿಗರೆಂದೂ ತಮ್ಮನ್ನು ನಿಸರ್ಗಪ್ರೇಮಿಯೆಂದೂ ಭಾವಿಸುವುದರಿಂದ, ಸಾಲು ಎಷ್ಟೇ ಉದ್ದ ಬೆಳೆದರೂ ತಾನು ಪ್ರವಾಸಿಗನೆಂದು ಒಪ್ಪಿಕೊಳ್ಳುವ ಒಬ್ಬ ವ್ಯಕ್ತಿಯೂ ಅದರಲ್ಲಿ ಸಿಗುವುದಿಲ್ಲ.

ಸ್ಥಳದ ಆಯ್ಕೆ ಈಗ ಬಹಳ ಸುಲಭವಾಗಿದೆ. ನಕಾಶೆ ಹಾಸಿಕೊಂಡು ಎತ್ತರ, ನೀರಿನ ಸೆಲೆ, ಇಳಿಯುವ ದಾರಿ ಇತ್ಯಾದಿಗಳನ್ನು ಗುರುತು ಮಾಡುವ ಕಷ್ಟ ಯಾರಿಗೂ ಬೇಡ. ಯಾವ ಏಣಿನ, ಎಂದರೆ ಬೆಟ್ಟದ ಚೂಪಾದ ಬೆನ್ನಿನ, ಮೇಲೆ, ಯಾವ ಬಂಡೆಯ ತುದಿಯಲ್ಲಿ, ಕ್ಯಾಮೆರಾಕ್ಕೆ ಎಷ್ಟು ಬೆನ್ನು ತಿರುಗಿಸಿ ನಿಂತರೆ ತಾನೊಬ್ಬನೇ ಇರುವಂತೆ ಕಾಣುತ್ತದೆ ಎಂಬುದು ತಿಳಿದರೆ ಸಾಕು. ಇಟಲಿಯ ಡೊಲೊಮೈಟ್ಸ್ ಪರ್ವತಗಳಲ್ಲಿರುವ ಸೆಚೆಡಾ ಎಂಬ ಏಣು ಈ ಲೆಕ್ಕದಲ್ಲಿ ಬಹು ಅನುಕೂಲದ್ದು. ಎತ್ತರ ಸುಮಾರು 2,500 ಮೀಟರ್. ಒಂದು ಬದಿ ಹುಲ್ಲಿನ ಇಳಿಜಾರು, ಇನ್ನೊಂದು ಬದಿ ಆಕಾಶಕ್ಕೆ ಚೂಪಾಗಿ ಎದ್ದ ಬಂಡೆಗಳ ಸಾಲು. ಕೆಳಗಿನ ಊರಿನಿಂದ ಹತ್ತಿರ ಹತ್ತಿರ ತುದಿಯವರೆಗೂ ಕೇಬಲ್ ಕಾರು. ಚಾರಣದ ಅತ್ಯಂತ ಪ್ರಯಾಸದ ಭಾಗ, ಎಂದರೆ ನಡೆಯುವುದು, ಇಲ್ಲಿ ಬಹುಮಟ್ಟಿಗೆ ನಿವಾರಣೆಯಾಗಿದೆ. 2025ರ ಬೇಸಿಗೆಯಲ್ಲಿ ಅಲ್ಲಿನ ಹುಲ್ಲುಗಾವಲಿನ ಒಡೆಯರು, ತಮ್ಮ ನೆಲವನ್ನು ಜನ ತುಳಿಯುತ್ತಿದ್ದಾರೆ, ಕಸ ಚೆಲ್ಲುತ್ತಿದ್ದಾರೆ, ಹೇಳಿದರೆ ಕೇಳುವ ಅಧಿಕಾರಿಗಳಿಲ್ಲ ಎಂದು ಬೇಸತ್ತು, ಕಾಲುದಾರಿಗೆ ಅಡ್ಡಲಾಗಿ ತಿರುಗುವ ಕಂಬಿಯ ಗೇಟೊಂದನ್ನು ನೆಟ್ಟು, ದಾಟಲು ತಲೆಗೆ 5 ಯೂರೊ ಎಂದು ದರ ಗೊತ್ತುಮಾಡಿದರು.

ಈ ಗೇಟನ್ನು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಮೆಟ್ರೋ ನಿಲ್ದಾಣದಲ್ಲಿ ದಿನಾ ಸೊಂಟಕ್ಕೆ ತಾಗುವ ಕಂಬಿಯೇ ಅದು. ಆ ಕಂಬಿಯಿಂದ ಒಂದು ವಾರದ ಮಟ್ಟಿಗಾದರೂ ಬಿಡುಗಡೆ ಬೇಕೆಂದು ಊರು ಬಿಟ್ಟು ಬಂದವರು, ಎರಡೂವರೆ ಸಾವಿರ ಮೀಟರ್ ಮೇಲೆ, ಮೋಡ ಕೈಗೆ ಸಿಗುವಂಥ ಜಾಗದಲ್ಲಿ, ಅದೇ ಕಂಬಿಯನ್ನು ಸೊಂಟದಿಂದ ತಳ್ಳಿಕೊಂಡು ಪ್ರಕೃತಿಯನ್ನು ಪ್ರವೇಶಿಸಿದರು. ನಾಚಿಕೆಪಟ್ಟು ಹಿಂದಿರುಗುತ್ತಾರೆ ಎಂದು ಯಾರಾದರೂ ಎಣಿಸಿದ್ದರೆ ಅವರಿಗೆ ನಿಸರ್ಗಪ್ರೇಮದ ಆಳ ತಿಳಿದಿಲ್ಲ. ಜನ ಹಣ ತೆತ್ತರು, ದಾಟಿದರು. ಏಣಿನ ಚಿತ್ರಗಳ ಜೊತೆಗೆ ಗೇಟಿನ ಚಿತ್ರವೂ ಊರೂರು ಸುತ್ತಿತು. ಪ್ರತಿಭಟನೆಗೆಂದು ನೆಟ್ಟ ಕಂಬಿಗೂ ನೋಡತಕ್ಕ ವಸ್ತುವಿನ ಪದವಿ ದೊರೆಯಿತು.

ಇಟಲಿಯ ಗೇಟಿನಲ್ಲಿ ಹಣ ಕೊಟ್ಟರೆ ದಾರಿ ಬಿಡುತ್ತಾರೆ. ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಹಾಫ್ ಡೋಮ್ ಬಂಡೆಯನ್ನು ಹತ್ತುವವರಿಗೆ ಹಣದ ಜೊತೆಗೆ ಅದೃಷ್ಟವೂ ಬೇಕು. ಅಲ್ಲಿನ ಕೊನೆಯ ಕಡಿದಾದ ಏರಿನಲ್ಲಿ ಹಿಡಿದುಕೊಳ್ಳಲು ಉಕ್ಕಿನ ಹಗ್ಗಗಳಿವೆ. ನೂಕುನುಗ್ಗಲು ಅಪಾಯದ ಮಟ್ಟ ಮುಟ್ಟಿದ ಕಾರಣ 2010ರಲ್ಲಿ ಪರವಾನಗಿ ಪದ್ಧತಿ ಬಂದು, ಈಗ ದಿನಕ್ಕೆ ಸುಮಾರು 300 ಜನರಿಗಷ್ಟೇ ಅವಕಾಶವಿದೆ. ಹೆಚ್ಚಿನ ಪರವಾನಗಿಗಳನ್ನು ಮಾರ್ಚ್ ತಿಂಗಳಲ್ಲಿ ಅರ್ಜಿ ಕರೆದು ಲಾಟರಿ ಎತ್ತಿ ಹಂಚುತ್ತಾರೆ. ಪದ್ಧತಿ ನ್ಯಾಯವಾದದ್ದೇ, ಹಗ್ಗದ ಮೇಲೆ ಜನ ಒಬ್ಬರ ತಲೆಯ ಮೇಲೊಬ್ಬರು ನಿಲ್ಲುವುದಕ್ಕಿಂತ ಲಾಟರಿ ಎಷ್ಟೋ ಮೇಲು ಎಂಬುದರಲ್ಲಿ ಈ ಲೇಖಕನಿಗೆ ಸಂಶಯವಿಲ್ಲ. ಆದರೆ ಜುಲೈ ತಿಂಗಳ ಯಾವುದೋ ಒಂದು ಮಂಗಳವಾರ ಬೆಳಿಗ್ಗೆ ತನ್ನ ಮನಸ್ಸಿನಲ್ಲಿ ಇದ್ದಕ್ಕಿದ್ದಂತೆ ಉಕ್ಕಬೇಕಾದ ಅಲೆಮಾರಿತನಕ್ಕೆ ಮಾರ್ಚ್‌ನಲ್ಲೇ ಅರ್ಜಿ ಗುಜರಾಯಿಸಿ, ಸಹಚಾರಣಿಗರ ವಿವರ ತುಂಬಿ, ಫಲಿತಾಂಶಕ್ಕಾಗಿ ಪರೀಕ್ಷೆ ಬರೆದ ಹುಡುಗರ ಹಾಗೆ ಕಾಯುವ ಮನುಷ್ಯನನ್ನು ನೆನೆದರೆ, ಸ್ವಚ್ಛಂದತೆಗೂ ಇಷ್ಟು ಶಿಸ್ತು ಬೇಕೇ ಎಂದು ಅಚ್ಚರಿಯಾಗುತ್ತದೆ.

ಬೆಟ್ಟವನ್ನು ಜನರಿಂದ ಕಾಪಾಡುವ ವಿದ್ಯೆಯಲ್ಲಿ ಜಪಾನ್ ಇನ್ನೂ ಒಂದು ಹೆಜ್ಜೆ ಮುಂದಿದೆ. 3,776 ಮೀಟರ್ ಎತ್ತರದ ಫುಜಿ ಪರ್ವತವನ್ನು ಹತ್ತಲು ಅಧಿಕೃತ ಕಾಲ ಜುಲೈಯಿಂದ ಸೆಪ್ಟೆಂಬರ್ ಆರಂಭದವರೆಗೆ ಮಾತ್ರ. ರಾತ್ರಿಯಿಡೀ ನಿದ್ದೆಗೆಟ್ಟು ಏರಿ, ಶಿಖರದಲ್ಲಿ ಸೂರ್ಯೋದಯದ ಚಿತ್ರ ತೆಗೆದು, ಹಾಗೆಯೇ ಧಾವಿಸಿ ಇಳಿಯುವ ಪದ್ಧತಿಗೆ ಅಲ್ಲಿನವರು ಬುಲೆಟ್ ಚಾರಣವೆಂದು ಹೆಸರಿಟ್ಟಿದ್ದಾರೆ. ಇದನ್ನು ತಡೆಯಲು 2024ರಲ್ಲಿ ಯೊಶಿದಾ ಹಾದಿಗೆ ಗೇಟು ಹಾಕಿ, 2,000 ಯೆನ್ ಶುಲ್ಕವನ್ನೂ ದಿನಕ್ಕೆ 4,000 ಜನರ ಮಿತಿಯನ್ನೂ ವಿಧಿಸಿದರು. ಮರುವರ್ಷ ಶುಲ್ಕ 4,000 ಯೆನ್ ಆಯಿತು, ಗೇಟು ಮಧ್ಯಾಹ್ನ 2 ಗಂಟೆಗೇ ಮುಚ್ಚತೊಡಗಿತು. ಇದು ಹತ್ತುವವರ ಕಥೆ. ಹತ್ತದೆ ಕೆಳಗಿನಿಂದಲೇ ಬೆಟ್ಟವನ್ನು ಅನುಭವಿಸುವವರ ಕಾಟ ಫುಜಿಕಾವಾಗುಚಿಕೊ ಎಂಬ ಊರಿಗೆ ತಟ್ಟಿತು. ಅಲ್ಲಿನ ಅಂಗಡಿಯೊಂದರ ಮಾಡಿನ ಮೇಲೆ ಫುಜಿ ಕುಳಿತಂತೆ ಕಾಣುವ ಚಿತ್ರಕ್ಕಾಗಿ ಜನ ರಸ್ತೆಗಿಳಿದು, ವಾಹನಗಳಿಗೆ ಅಡ್ಡ ನಿಂತು, ಎದುರಿನ ಆವರಣಗಳಿಗೆ ನುಗ್ಗಿ ಸಾಕುಮಾಡಿದ್ದರಿಂದ, ಆಡಳಿತ 2024ರ ಮೇ ತಿಂಗಳಲ್ಲಿ ರಸ್ತೆಯ ಪಕ್ಕ 2.5 ಮೀಟರ್ ಎತ್ತರ, 20 ಮೀಟರ್ ಉದ್ದದ ಕಪ್ಪು ಪರದೆಯನ್ನು ಕಟ್ಟಿಸಿತು. ಪರ್ವತವನ್ನು ನೋಡಲು ಬಂದವರಿಂದ ಪರ್ವತವನ್ನೇ ಬಚ್ಚಿಡುವ ಈ ಉಪಾಯ ಕೆಲವೇ ದಿನಗಳಲ್ಲಿ ತೂತುಬಿದ್ದಿತು. ಮೊಬೈಲಿನ ಕಣ್ಣು ಹಿಡಿಸುವಷ್ಟು ದೊಡ್ಡ ತೂತುಗಳನ್ನು ಪರದೆಯಲ್ಲಿ ಯಾರೋ ಮಾಡಿಟ್ಟಿದ್ದರು. ಆಗಸ್ಟ್‌ನಲ್ಲಿ ಚಂಡಮಾರುತದ ಮುನ್ನೆಚ್ಚರಿಕೆಯ ಹೆಸರಿನಲ್ಲಿ ಪರದೆಯನ್ನು ಇಳಿಸಲಾಯಿತು.

ಇನ್ನು ಸಿದ್ಧತೆಯ ವಿಷಯ. ಬೂಟು, ಕೋಲು, ಹೃದಯಬಡಿತ ಎಣಿಸುವ ಗಡಿಯಾರ, ಎರಡು ಪವರ್ ಬ್ಯಾಂಕ್ ಎಲ್ಲವೂ ಪಟ್ಟಿಯಲ್ಲಿ ಇದ್ದೇ ಇರುತ್ತವೆ, ಅವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಪಟ್ಟಿಯಲ್ಲಿ ಇರದ ಒಂದೇ ವಸ್ತುವೆಂದರೆ ಸಮಯ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿಯೇ ಒಂದು ಲೆಕ್ಕ ಹೇಳಿಟ್ಟಿದ್ದಾರೆ: ಪ್ರತಿ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದವರು ಎಲ್ಲೂ ನಿಲ್ಲದೆ ನಡೆದಾಗಿನ ಮಾತು. ಸ್ವಿಟ್ಜರ್ಲೆಂಡಿನ ಚಾರಣಮಾರ್ಗಗಳಲ್ಲಿ ಕವಲುದಾರಿಗೊಂದರಂತೆ ನಿಂತಿರುವ ಹಳದಿ ಫಲಕಗಳು ಸೂಚಿಸುವ ಗಂಟೆ ನಿಮಿಷಗಳಲ್ಲೂ ವಿಶ್ರಾಂತಿಯ ಹೊತ್ತು ಸೇರಿಲ್ಲ. ನಮ್ಮ ಯೋಜನಾಕಾರರಾದರೋ ಈ ಅಂಕಿಗಳನ್ನು ಎಳ್ಳಷ್ಟೂ ಬದಲಿಸದೆ ದಿನಚರಿಗೆ ಇಳಿಸಿಕೊಂಡು, ತಡವಾಗಿ ಎದ್ದು, ಸಾಲಿನಲ್ಲಿ ಎರಡು ಗಂಟೆ ಕಳೆದು, ಹತ್ತು ಹೆಜ್ಜೆಗೊಂದು ಚಿತ್ರ ತೆಗೆದು, ಫಲಕ ಸುಳ್ಳು ಹೇಳುತ್ತದೆ ಎಂದು ಮೂಗು ಮುರಿಯುತ್ತಾರೆ. ಬೇಸಿಗೆಯಲ್ಲಿ ಎತ್ತರದ ಬೆಟ್ಟಗಳ ಮೇಲೆ ಗುಡುಗು ಮಿಂಚಿನ ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಬರುತ್ತದೆ, ಆದ್ದರಿಂದ ನಸುಕಿನಲ್ಲಿ ಹೊರಟು ಅದಕ್ಕೆ ಮುಂಚೆಯೇ ಏಣಿನಿಂದ ಇಳಿದಿರಬೇಕು ಎಂಬುದು ಬೆಟ್ಟದ ಜನರ ಹಳೆಯ ತಿಳಿವಳಿಕೆ. ಸಾವಿರ ಮೀಟರ್ ಏರಿದರೆ ತಾಪಮಾನ ಸುಮಾರು 6.5 ಡಿಗ್ರಿ ಇಳಿಯುತ್ತದೆ ಎಂಬುದು ಶಾಲೆಯ ಪಾಠ. ಆದರೂ ಮಳೆಯಂಗಿ ಹೋಟೆಲಿನ ಕೋಣೆಯಲ್ಲಿಯೇ ಉಳಿಯುತ್ತದೆ, ಏಕೆಂದರೆ ಅದರ ಬಣ್ಣ ಚಿತ್ರದಲ್ಲಿ ಚೆನ್ನಾಗಿ ಬರುವುದಿಲ್ಲ.

ಗಿರಿಧಾಮದ ಆಡಳಿತಗಳು ಇಂಥ ಅತಿಥಿಗಳ ಮನಸ್ಸನ್ನು ಬಹಳ ಹಿಂದೆಯೇ ಅರಿತಿವೆ. 1912ರಲ್ಲಿಯೇ ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್‌ಯೋಖ್‌ಗೆ, ಎಂದರೆ 3,454 ಮೀಟರ್ ಎತ್ತರಕ್ಕೆ, ಬೆಟ್ಟದ ಹೊಟ್ಟೆಯನ್ನು ಕೊರೆದು ರೈಲು ಹಾಕಿದವರಿಗೆ, ಪರ್ವತವೆಂದರೆ ಒಳಗೆ ಕುಳಿತು ನೋಡುವ ವಸ್ತು ಎಂಬುದು ಗೊತ್ತಿತ್ತು. ಅದೇ ದೇಶದ ಫುರ್ಕಾ ಕಣಿವೆದಾರಿಯ ಬಳಿ ರೋನ್ ಹಿಮನದಿಯಲ್ಲಿ ಪ್ರವಾಸಿಗರಿಗಾಗಿ ಹಿಮದ ಗುಹೆಯೊಂದನ್ನು ಹತ್ತೊಂಬತ್ತನೆಯ ಶತಮಾನದಿಂದ ಕೊರೆಯುತ್ತ ಬಂದಿದ್ದಾರೆ. ಈಚಿನ ಬೇಸಿಗೆಗಳಲ್ಲಿ ಅದು ಕರಗಿಹೋಗದಿರಲೆಂದು ಮೇಲೆ ಬಿಳಿಯ ಕಂಬಳಿಗಳನ್ನು ಹೊದಿಸುತ್ತಾರೆ. ದೂರದೂರದಿಂದ ವಿಮಾನ ಏರಿ, ಕಾರು ಓಡಿಸಿಕೊಂಡು ಬಂದವರು ಕಂಬಳಿಯಡಿ ತೂರಿ ಹಿಮವನ್ನು ಕೈಯಾರೆ ಮುಟ್ಟಿ, ಪಾಪ ಕರಗುತ್ತಿದೆ ಎಂದು ಮರುಗಿ, ಮತ್ತೆ ಕಾರು ಹತ್ತುತ್ತಾರೆ.

ಇಷ್ಟಾದರೂ ಬೆಟ್ಟ ಕೆಲವೊಮ್ಮೆ ಬೆಟ್ಟದಂತೆಯೇ ವರ್ತಿಸುತ್ತದೆ, ಅದೇ ಅದರ ದೊಡ್ಡ ಅಪರಾಧ. 2022ರ ಬೇಸಿಗೆಯ ಬಿಸಿಲಿಗೆ ಆಲ್ಪ್ಸ್ ಪರ್ವತಗಳ ಮೋಂ ಬ್ಲಾಂಕ್‌ನ ಜನಪ್ರಿಯ ಹಾದಿಯೊಂದರಲ್ಲಿ ಬಂಡೆಗಳು ಸತತವಾಗಿ ಉರುಳತೊಡಗಿದಾಗ, ಹೋಗಬೇಡಿ ಎಂದು ಹೇಳಿ ಹೇಳಿ ಸೋತ ಫ್ರಾನ್ಸಿನ ಸೇಂಟ್ ಜೆರ್ವೆ ಊರಿನ ಮೇಯರ್ ಜಾನ್ ಮಾರ್ಕ್ ಪೆಯೆ, ಹತ್ತುವವರು 15,000 ಯೂರೊ ಠೇವಣಿ ಇಡಬೇಕೆಂದು ಪ್ರಸ್ತಾಪಿಸಿದರು: 10,000 ರಕ್ಷಣಾ ಕಾರ್ಯಕ್ಕೆ, 5,000 ಅಂತ್ಯಕ್ರಿಯೆಗೆ. ಜನ ಇದನ್ನು ಕ್ರೂರ ಹಾಸ್ಯವೆಂದರು. ಪ್ರವಾಸದ ಖರ್ಚುಪಟ್ಟಿಯಲ್ಲಿ ವಾಸ್ತವಕ್ಕೆ ಹತ್ತಿರವಾದ ಎರಡು ಬಾಬತ್ತುಗಳನ್ನು ಯಾರಾದರೂ ಸೇರಿಸಿದ್ದು ಬಹುಶಃ ಅದೇ ಮೊದಲಿರಬೇಕು. ರಕ್ಷಣಾ ಪಡೆಯನ್ನು ಹೋಟೆಲಿನ ರೂಮ್ ಸರ್ವಿಸ್ ಎಂದು ತಿಳಿಯುವ ಮನೋಭಾವಕ್ಕೆ 2025ರ ಏಪ್ರಿಲ್‌ನಲ್ಲಿ ಫುಜಿಯ ಮೇಲೆ ಒಂದು ಪರಾಕಾಷ್ಠೆಯೂ ಒದಗಿತು. ಹಾದಿ ಮುಚ್ಚಿದ್ದ ಕಾಲದಲ್ಲಿ ಹತ್ತಿ ತೊಂದರೆಗೆ ಸಿಲುಕಿ ಹೆಲಿಕಾಪ್ಟರಿನಲ್ಲಿ ಕೆಳಗಿಳಿದ ವಿದ್ಯಾರ್ಥಿಯೊಬ್ಬ, ನಾಲ್ಕು ದಿನಗಳ ನಂತರ ಅಲ್ಲಿ ಬಿಟ್ಟುಬಂದ ಮೊಬೈಲ್ ಮುಂತಾದವನ್ನು ತರಲು ಮತ್ತೆ ಹತ್ತಿ, ಮತ್ತೊಮ್ಮೆ ರಕ್ಷಿಸಲ್ಪಟ್ಟ. ಅವನನ್ನು ಎಲ್ಲರೂ ಬೈದರು, ಆದರೆ ಮೊಬೈಲ್ ಇಲ್ಲದೆ ಶಿಖರ ಮುಟ್ಟಿದ್ದನ್ನು ಶಿಖರ ಮುಟ್ಟಿದಂತೆ ಲೆಕ್ಕಕ್ಕೆ ಹಿಡಿಯುವವರು ಬೈದವರಲ್ಲಿ ಎಷ್ಟು ಜನ ಇದ್ದರೋ ಹೇಳುವುದು ಕಷ್ಟ.

ಈ ಎಲ್ಲ ಗದ್ದಲಕ್ಕೆ ಪ್ರವಾಸ ತಜ್ಞರು ಒಂದು ಪರಿಹಾರ ಕಂಡುಹಿಡಿದಿದ್ದಾರೆ. ಹೆಸರಾದ ಗಿರಿಧಾಮಗಳನ್ನು ಬಿಟ್ಟು ಯಾರಿಗೂ ತಿಳಿಯದ ತಾಣಗಳಿಗೆ ಹೋಗಿ ಎಂದು ಅವರು ಪ್ರತಿ ವರ್ಷ ಬೇಸಿಗೆಗೆ ಮೊದಲು ಅಂಥ ಹತ್ತು ತಾಣಗಳ ಪಟ್ಟಿಯನ್ನು, ನಕಾಶೆ, ವಾಹನ ನಿಲುಗಡೆಯ ಜಾಗ ಮತ್ತು ಚಿತ್ರ ತೆಗೆಯಲು ತಕ್ಕ ಹೊತ್ತುಗಳ ಸಮೇತ, ಲಕ್ಷಗಟ್ಟಲೆ ಓದುಗರಿಗೆ ತಲುಪಿಸುತ್ತಾರೆ. ಪಟ್ಟಿಯಲ್ಲಿ ತನ್ನ ಹುಲ್ಲುಗಾವಲಿನ ಹೆಸರನ್ನು ಕಂಡ ರೈತ ತಲೆಯ ಮೇಲೆ ಕೈ ಹೊತ್ತು ಕೂರುವ ಹೊತ್ತಿಗೆ, ತಿರುಗುವ ಕಂಬಿಯ ಗೇಟು ತಯಾರಿಸುವವನು ಅವನ ವಿಳಾಸ ಬರೆದುಕೊಂಡು ಅಳತೆಪಟ್ಟಿಯೊಡನೆ ಹೊರಟಾಗಿರುತ್ತದೆ.